ಒಂದೇ ಪ್ರೋಗ್ರಾಂ, ಎರಡು ಯಂತ್ರ: ಗ್ರೇಸ್ ಹಾಪರ್ ಹಿಡಿದ ಹಠ

1960ರ ಡಿಸೆಂಬರ್ 6 ಮತ್ತು 7. ಅಮೆರಿಕದಲ್ಲಿ ಎರಡು ಕಂಪ್ಯೂಟರುಗಳಿಗೆ ಒಂದೇ ಪರೀಕ್ಷೆ. ಒಂದು ಆರ್‌ಸಿಎ ಕಂಪನಿಯ ಯಂತ್ರ, ಇನ್ನೊಂದು ರೆಮಿಂಗ್ಟನ್ ರ‍್ಯಾಂಡ್‌ನ ಯೂನಿವ್ಯಾಕ್. ಕಂಪನಿ ಬೇರೆ, ಒಳಗಿನ ಕಟ್ಟಡ ಬೇರೆ, ಆದೇಶಗಳ ಪಟ್ಟಿಯೂ ಬೇರೆ. ಒಂದಕ್ಕೆ ಬರೆದ ಯಂತ್ರಭಾಷೆ ಇನ್ನೊಂದಕ್ಕೆ ಬರೀ ಕಸ. ಅಂಥ ಎರಡು ಯಂತ್ರಗಳ ಮೇಲೆ ಅವತ್ತು ಒಂದೇ ಪ್ರೋಗ್ರಾಂ ಓಡಿತು. ಅಲ್ಲಿ ಇಲ್ಲಿ ಚಿಕ್ಕಪುಟ್ಟ ಬದಲಾವಣೆ ಬೇಕಾಯಿತು, ನಿಜ. ಆದರೆ ಓಡಿತು. ಪ್ರೋಗ್ರಾಂ ಬರೆದಿದ್ದ ಭಾಷೆಯ ಹೆಸರು ಕೋಬಾಲ್. ಆ ಭಾಷೆಯ ಹಿಂದೆ, ಅದಕ್ಕಿಂತ ಮುಖ್ಯವಾಗಿ ಆ ಆಲೋಚನೆಯ ಹಿಂದೆ, ಇದ್ದ ದೊಡ್ಡ ಹೆಸರು ಗ್ರೇಸ್ ಹಾಪರ್.

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮ ಕ್ಯಾಂಪಸ್‌ನಲ್ಲಿ ಡಾಕರ್ ಹೆಸರು ಕೇಳದ ಮೂರನೇ ವರ್ಷದ ವಿದ್ಯಾರ್ಥಿ ಸಿಗೋದು ಕಷ್ಟ. ಒಂದು ಸಾರಿ ಕಂಟೇನರ್ ಮಾಡಿಬಿಟ್ಟರೆ ಎಲ್ಲಿ ಬೇಕಾದರೂ ಓಡುತ್ತೆ ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಎಂ1 ಮ್ಯಾಕ್‌ಬುಕ್‌ನಲ್ಲಿ ಕಟ್ಟಿದ ಇಮೇಜನ್ನು ಇಂಟೆಲ್ ಸರ್ವರ್‌ಗೆ ಹಾಕಿ ನೋಡಿ. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅಂತ ಒಂದು ಸಾಲು ಬರುತ್ತೆ, ಅಲ್ಲಿಗೆ ಕಥೆ ಮುಗೀತು. ಮ್ಯಾಕ್‌ನದು ಆರ್ಮ್ ಪ್ರೊಸೆಸರ್, ಸರ್ವರ್‌ನದು ಎಕ್ಸ್86. ಡಬ್ಬಿ ಒಂದೇ ಥರ ಕಂಡರೂ ಒಳಗಿರುವ ಆದೇಶಗಳು ಬೇರೆ. 1960ರಲ್ಲಿ ಆ ಎರಡು ಯಂತ್ರಗಳ ನಡುವೆ ಇದ್ದ ಗೋಡೆ ಇವತ್ತೂ ಹಾಗೇ ನಿಂತಿದೆ. ಆ ಗೋಡೆಗೆ ಮೊದಲು ಬಾಗಿಲು ಕೊರೆದವರಲ್ಲಿ ಒಬ್ಬರ ಬದುಕನ್ನು ಈ ಸಲ ಹೇಳೋಣ ಅಂದುಕೊಂಡೆವು.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತೆ ಅಂತ ನೋಡಲು ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬರಲಿಲ್ಲ. ಜೋಡಣೆ ತಿಳಿಯೋಣ ಅಂತ ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರಗಳ ಕಥೆ ಮುಗಿದ ಮೇಲೆ ಅಮ್ಮನಿಗೆ ಗೊತ್ತಾಯಿತು. ಅಮ್ಮ ಬೈದು ಸುಮ್ಮನಾಗಲಿಲ್ಲ, ಇನ್ನು ಮುಂದೆ ಬಿಚ್ಚಲು ನಿನಗೆ ಒಂದೇ ಗಡಿಯಾರ ಅಂತ ಕಟ್ಟುಪಾಡು ಮಾಡಿದರು. ನಮ್ಮಲ್ಲಿ ಎಷ್ಟೋ ಜನ ಎಂಜಿನಿಯರಿಂಗ್‌ಗೆ ಬಂದದ್ದು ಹೀಗೇ ಅಲ್ಲವೇ, ರೇಡಿಯೋನೋ ಮಿಕ್ಸಿನೋ ಬಿಚ್ಚಿ ಬೈಸಿಕೊಂಡೇ!

16ನೇ ವಯಸ್ಸಿಗೆ ವ್ಯಾಸರ್ ಕಾಲೇಜಿಗೆ ಅರ್ಜಿ ಹಾಕಿದರು. ಲ್ಯಾಟಿನ್‌ನಲ್ಲಿ ಅಂಕ ಸಾಲದೆ ಸೀಟು ಸಿಗಲಿಲ್ಲ. ಒಂದು ವರ್ಷ ಕಾದು ಮತ್ತೆ ಹಾಕಿದರು, ಸಿಕ್ಕಿತು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ, 1934ರಲ್ಲಿ ಅಲ್ಲೇ ಗಣಿತದಲ್ಲಿ ಪಿಎಚ್‌ಡಿ. 1930ರಲ್ಲೇ ವಿನ್ಸೆಂಟ್ ಹಾಪರ್ ಅವರ ಜೊತೆ ಮದುವೆ. ಆ ಮದುವೆ 1945ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು, ಹಾಪರ್ ಅನ್ನುವ ಹೆಸರು ಮಾತ್ರ ಉಳಿಯಿತು. 1931ರಿಂದ ವ್ಯಾಸರ್‌ನಲ್ಲೇ ಗಣಿತ ಪಾಠ. ಒಳ್ಳೆಯ ಕೆಲಸ, ಸಂಬಳ, ಮರ್ಯಾದೆ ಎಲ್ಲವೂ ಇತ್ತು. ಅಲ್ಲೇ ನಿವೃತ್ತಿ ಆಗಬಹುದಿತ್ತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಹಾಪರ್ ಅವರ ಮುತ್ತಜ್ಜ ನೌಕಾಪಡೆಯಲ್ಲಿದ್ದವರು. ಇವರಿಗೂ ನೌಕಾಪಡೆ ಸೇರುವ ಆಸೆ. ಹೋಗಿ ಕೇಳಿದರೆ ವಯಸ್ಸು ಜಾಸ್ತಿ, ತೂಕ ಕಡಿಮೆ, ಸಾಲದ್ದಕ್ಕೆ ಗಣಿತದ ಪ್ರೊಫೆಸರ್ ಆಗಿ ಹೊರಗಿದ್ದರೇ ದೇಶಕ್ಕೆ ಹೆಚ್ಚು ಉಪಯೋಗ ಅಂತ ವಾಪಸ್ ಕಳಿಸಿದರು. ಹಾಪರ್ ಬಿಡಲಿಲ್ಲ. ತೂಕದ ವಿಷಯದಲ್ಲಿ ವಿನಾಯಿತಿ ಪಡೆದು, ಕಾಲೇಜಿನಿಂದ ರಜೆ ತೆಗೆದುಕೊಂಡು, 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮೀಸಲು ದಳ ಸೇರಿದರು. ತರಬೇತಿಯಲ್ಲಿ ತಮಗಿಂತ ಎಷ್ಟೋ ಚಿಕ್ಕವರ ನಡುವೆ ಮೊದಲನೆಯವರಾಗಿ ಪಾಸಾದರು. 1944ರ ಜುಲೈನಲ್ಲಿ ಪೋಸ್ಟಿಂಗ್ ಬಂತು. ಹಡಗಿಗೆ ಅಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ.

51 ಅಡಿ ಉದ್ದದ ಕ್ಯಾಲ್ಕುಲೇಟರ್

ಹಾರ್ವರ್ಡ್‌ನಲ್ಲಿ ಕಾದಿದ್ದದ್ದು ಮಾರ್ಕ್ 1. 51 ಅಡಿ ಉದ್ದ, 8 ಅಡಿ ಎತ್ತರ. ತಿರುಗುವ ಗಾಲಿ, ಕಟಕಟ ಎನ್ನುವ ರಿಲೇ. ಕೂಡುವ ಲೆಕ್ಕವಾದರೆ ಸೆಕೆಂಡಿಗೆ ಮೂರು, ಗುಣಾಕಾರ ಒಂದಕ್ಕೆ ಸುಮಾರು ಆರು ಸೆಕೆಂಡು. ಪ್ರೋಗ್ರಾಂ ಅಂದರೆ ಕಾಗದದ ಉದ್ದನೆಯ ಪಟ್ಟಿಯ ಮೇಲೆ ಹೊಡೆದ ತೂತುಗಳು, ಸಾಲಿಗೆ 24 ಜಾಗ. ಯಂತ್ರದ ಒಡೆಯ ಹೊವರ್ಡ್ ಐಕೆನ್, ನೌಕಾಪಡೆಯ ಕಮಾಂಡರ್, ಕಟ್ಟುನಿಟ್ಟಿನ ಮನುಷ್ಯ. ಬಂದ ಮೊದಲ ದಿನವೇ ಹಾಪರ್ ಅವರಿಗೆ ಆರ್ಕ್‌ಟ್ಯಾಂಜೆಂಟ್‌ಗೆ ಬೇಕಾದ ಗುಣಾಂಕಗಳನ್ನು 23 ಅಂಕಿಗಳ ತನಕ ಲೆಕ್ಕ ಹಾಕುವ ಕೆಲಸ ಕೊಟ್ಟು, ಅದಕ್ಕೊಂದು ಗಡುವೂ ಇಟ್ಟುಬಿಟ್ಟರು. ಅದುವರೆಗೆ ಅವರು ಕಂಪ್ಯೂಟರನ್ನು ಕಣ್ಣಿಂದಲೂ ನೋಡಿರಲಿಲ್ಲ.

ಕಲಿತರು. ಎಷ್ಟು ಕಲಿತರೆಂದರೆ ಆ ಯಂತ್ರದ ಕೈಪಿಡಿಯನ್ನು ಬರೆಯುವ ಕೆಲಸವೂ ಅವರ ಪಾಲಿಗೇ ಬಂತು. 1946ರಲ್ಲಿ ಅಚ್ಚಾದ ಆ ಪುಸ್ತಕ 500 ಪುಟ ದಾಟಿತ್ತು.

ಅಲ್ಲೇ ಅವರು ಒಂದು ಸಂಗತಿ ಗಮನಿಸಿದರು. ಸೈನ್ ಲೆಕ್ಕಕ್ಕೋ ವರ್ಗಮೂಲಕ್ಕೋ ಒಂದು ಸಾರಿ ಸರಿಯಾಗಿ ಬರೆದ ಆದೇಶಗಳನ್ನು ಎಲ್ಲರೂ ನೋಟ್‌ಬುಕ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರ ನೋಟ್‌ಬುಕ್‌ನಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ಪ್ರತಿ ವಿಳಾಸಕ್ಕೂ ಒಂದು ಸಂಖ್ಯೆ ಕೂಡಿಸಿ ಬರೆಯಬೇಕಿತ್ತು. ಅಲ್ಲೇ ತಪ್ಪು. ಪಿಎಚ್‌ಡಿ ಮಾಡಿದ ಗಣಿತಜ್ಞರಿಗೂ ಕೂಡುವ ಲೆಕ್ಕ ತಪ್ಪುತ್ತಿತ್ತು, ನೋಡಿ ಬರೆಯೋದೂ ತಪ್ಪುತ್ತಿತ್ತು. ನಕಲು ಮಾಡೋದು, ಕೂಡೋದು, ಎರಡನ್ನೂ ಬೇಸರವಿಲ್ಲದೆ ಮಾಡುವ ಯಂತ್ರ ಪಕ್ಕದಲ್ಲೇ ನಿಂತಿದೆ. ಆ ಕೆಲಸವನ್ನು ಅದಕ್ಕೇ ಯಾಕೆ ಕೊಡಬಾರದು?

ಪತಂಗದ ಕಥೆ ಇಲ್ಲದೆ ಹಾಪರ್ ಕಥೆ ಯಾರೂ ಹೇಳಲ್ಲ, ಅದನ್ನೂ ಮುಗಿಸಿಬಿಡೋಣ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2ರ ಒಂದು ರಿಲೇಯಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಲಾಗ್‌ಬುಕ್‌ಗೆ ಅಂಟಿಸಿದರು, ಆ ಪುಟ ಈಗಲೂ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಹಾಗಂತ ಬಗ್ ಅನ್ನುವ ಪದ ಹುಟ್ಟಿದ್ದು ಅವತ್ತಲ್ಲ. ಎಡಿಸನ್ ಕಾಲದಿಂದಲೇ ಎಂಜಿನಿಯರುಗಳು ಆ ಪದ ಬಳಸುತ್ತಿದ್ದರು. ಪತಂಗವನ್ನು ಹಿಡಿದವರೂ ಹಾಪರ್ ಅಲ್ಲ. ಕಥೆಯನ್ನು ಊರೂರಿಗೆ ಹೇಳಿ ಬೆಳೆಸಿದವರು ಮಾತ್ರ ಅವರೇ.

ನಂಬಲು ಯಾರೂ ತಯಾರಿರಲಿಲ್ಲ

1949ರಲ್ಲಿ ಹಾಪರ್ ಹಾರ್ವರ್ಡ್ ಬಿಟ್ಟು ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಕಂಪನಿ ಸೇರಿದರು. ಯೂನಿವ್ಯಾಕ್ ತಯಾರಾಗುತ್ತಿದ್ದ ಜಾಗ ಅದು. ಅವರಿಗಾಗ 42 ವರ್ಷ. ಯುದ್ಧ ಮುಗಿದಿತ್ತು, ಮದುವೆ ಮುರಿದಿತ್ತು, ಹಾರ್ವರ್ಡ್‌ನ ಹುದ್ದೆಯೂ ಮುಗಿದಿತ್ತು. ಆ ವರ್ಷಗಳಲ್ಲಿ ಕುಡಿತ ಅವರನ್ನು ಹಿಡಿದುಕೊಂಡಿತ್ತು, ಖಿನ್ನತೆಯೂ ಇತ್ತು. ಸುತ್ತ ಇದ್ದ ಗೆಳೆಯರು ನೇರವಾಗಿ ಬುದ್ಧಿ ಹೇಳಿದರು, ಕೈ ಬಿಡಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ತಮ್ಮ ಬದುಕಿನ ದೊಡ್ಡ ಕೆಲಸದ ಮಧ್ಯೆ ಇದ್ದರು. ಸ್ಫೂರ್ತಿಯ ಪೋಸ್ಟರುಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರಲ್ಲ. ಆದರೆ ನಮ್ಮ ವಯಸ್ಸಿನವರಿಗೆ ಪತಂಗದ ಕಥೆಗಿಂತ ಇದೇ ಹೆಚ್ಚು ಬೇಕಾದದ್ದು ಅಂತ ನಮಗನ್ನಿಸುತ್ತೆ.

ಆ ದೊಡ್ಡ ಕೆಲಸವೇ ಎ-0. 1951–52ರಲ್ಲಿ ಬರೆದದ್ದು. ಹಾರ್ವರ್ಡ್‌ನ ನೋಟ್‌ಬುಕ್‌ಗಳಲ್ಲಿದ್ದಂಥ ಸಬ್‌ರೂಟೀನುಗಳನ್ನೆಲ್ಲ ಮ್ಯಾಗ್ನೆಟಿಕ್ ಟೇಪ್ ಮೇಲೆ ಇಟ್ಟು, ಒಂದೊಂದಕ್ಕೂ ಒಂದು ಕರೆ ಸಂಖ್ಯೆ ಕೊಟ್ಟರು. ನಮಗೆ ಬೇಕಾದ ಸಂಖ್ಯೆಗಳನ್ನು ಸಾಲಾಗಿ ಬರೆದುಕೊಟ್ಟರೆ ಸಾಕು, ಯೂನಿವ್ಯಾಕ್ ತಾನೇ ಟೇಪಿನಲ್ಲಿ ಹುಡುಕಿ, ತುಣುಕುಗಳನ್ನು ತಂದು, ವಿಳಾಸ ಸರಿಮಾಡಿ, ಪೂರ್ತಿ ಪ್ರೋಗ್ರಾಂ ಜೋಡಿಸಿಕೊಡುತ್ತಿತ್ತು. ಹೀಗೆ ಸಂಗ್ರಹಿಸಿ ಜೋಡಿಸುವ ಪ್ರೋಗ್ರಾಮಿಗೆ ಅವರಿಟ್ಟ ಹೆಸರು ಕಂಪೈಲರ್. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್–ಲೋಡರ್‌ಗೆ ಹತ್ತಿರ. ಹೆಸರು ಮಾತ್ರ ಉಳಿದು ದೊಡ್ಡದಾಯಿತು.

ಇದರಲ್ಲೊಂದು ತೊಡಕು ಇತ್ತು. ಯೂನಿವ್ಯಾಕ್‌ನ ಮೆಮೊರಿ ಬರೀ 1000 ಪದಗಳದ್ದು. ಪ್ರೋಗ್ರಾಮನ್ನು ಒಂದೇ ಸುತ್ತಿನಲ್ಲಿ ಜೋಡಿಸಬೇಕು. ಹಿಂದಕ್ಕೆ ಹಾರುವ ಆದೇಶ ಸುಲಭ, ಆ ಜಾಗ ಆಗಲೇ ಗೊತ್ತಿರುತ್ತೆ. ಮುಂದಕ್ಕೆ ಹಾರಬೇಕಾದರೆ? ಆ ಜಾಗ ಇನ್ನೂ ಹುಟ್ಟೇ ಇಲ್ಲ. ಪರಿಹಾರ ಹೊಳೆದದ್ದು ಕಾಲೇಜಿನಲ್ಲಿ ಆಡಿದ ಬಾಸ್ಕೆಟ್‌ಬಾಲ್‌ನಿಂದ. ಆಗಿನ ಹೆಂಗಸರ ಆಟದ ನಿಯಮದಲ್ಲಿ ಚೆಂಡು ಹಿಡಿದು ಓಡುವಂತಿರಲಿಲ್ಲ. ಜೊತೆಯವಳಿಗೆ ಚೆಂಡು ಎಸೆದು, ತಾನು ಮುಂದಕ್ಕೆ ಓಡಿ, ಅಲ್ಲಿ ವಾಪಸ್ ಹಿಡಿಯಬೇಕು. ಹಾಪರ್ ಅದನ್ನೇ ಮಾಡಿದರು. ಮೆಮೊರಿಯ ಕೊನೆಯಲ್ಲಿ ಒಂದು ಮೂಲೆ ಕಾದಿರಿಸಿ, ಮುಂದಕ್ಕೆ ಹಾರುವ ಆದೇಶವನ್ನು ಸದ್ಯಕ್ಕೆ ಆ ಮೂಲೆಗೆ ಎಸೆದರು. ನಿಜವಾದ ಜಾಗ ಗೊತ್ತಾದ ಮೇಲೆ ಆ ಮೂಲೆಯಿಂದ ಅಲ್ಲಿಗೆ ದಾರಿ ಬರೆದರು. ಕಂಪೈಲರ್ ಡಿಸೈನ್ ಓದುವವರು ಬ್ಯಾಕ್‌ಪ್ಯಾಚಿಂಗ್ ಅಧ್ಯಾಯಕ್ಕೆ ಬಂದಾಗ ಈ ಬಾಸ್ಕೆಟ್‌ಬಾಲ್ ನೆನಪಿಸಿಕೊಳ್ಳಿ.

ಕೆಲಸ ಮಾಡುವ ಕಂಪೈಲರ್ ಕೈಯಲ್ಲಿದ್ದರೂ ಜನ ನಂಬಲಿಲ್ಲ. ಕಂಪ್ಯೂಟರ್ ಇರೋದು ಲೆಕ್ಕ ಮಾಡಲು, ಅದು ಪ್ರೋಗ್ರಾಂ ಹೇಗೆ ಬರೆದೀತು ಅನ್ನೋದು ಆಗಿನವರ ವಾದ. ಹಾಪರ್ 1952ರಲ್ಲಿ ಪ್ರಬಂಧ ಓದಿದರು, ಊರೂರು ತಿರುಗಿ ವಿವರಿಸಿದರು, ಮುಂದಿನ ಆವೃತ್ತಿಯಾದ ಎ-2ವನ್ನು ಅದರ ಸೋರ್ಸ್ ಕೋಡ್ ಸಮೇತ ಗಿರಾಕಿಗಳಿಗೆ ಕೊಟ್ಟು, ಸುಧಾರಣೆ ಇದ್ದರೆ ವಾಪಸ್ ಕಳಿಸಿ ಅಂತ ಕೇಳಿದರು. ಓಪನ್ ಸೋರ್ಸ್ ಅನ್ನುವ ಹೆಸರು ಹುಟ್ಟಲು ಇನ್ನೂ 40 ವರ್ಷಕ್ಕಿಂತ ಹೆಚ್ಚು ಬಾಕಿಯಿದ್ದ ಕಾಲ ಅದು.

ಯಂತ್ರಕ್ಕೆ ಯಾವ ಭಾಷೆ?

ಮುಂದಿನ ಹೆಜ್ಜೆ ನಮ್ಮಂಥ ಕನ್ನಡ ಸಂಘದವರಿಗೆ ಬಹಳ ಇಷ್ಟವಾಗುವಂಥದ್ದು. ಬ್ಯಾಂಕು, ವಿಮೆ, ಉಗ್ರಾಣ ನೋಡಿಕೊಳ್ಳುವ ಜನರಿಗೆ ಗಣಿತದ ಚಿಹ್ನೆ ಒಗ್ಗಲ್ಲ ಅಂತ ಹಾಪರ್‌ಗೆ ಗೊತ್ತಿತ್ತು. ಅವರು ದಿನಾ ಆಡುವ ಪದಗಳಲ್ಲೇ ಪ್ರೋಗ್ರಾಂ ಬರೆಯುವಂತಾದರೆ? ಹೀಗೆ ಹುಟ್ಟಿದ್ದು ಫ್ಲೋ-ಮ್ಯಾಟಿಕ್. ಸುಮಾರು 20 ಇಂಗ್ಲಿಷ್ ಕ್ರಿಯಾಪದಗಳಿಂದ ಶುರುವಾಯಿತು.

ಕಂಪನಿಯ ಮೇಲಿನವರನ್ನು ಒಪ್ಪಿಸಲು ಒಂದು ಪುಟ್ಟ ಪ್ರೋಗ್ರಾಂ ತೋರಿಸಿದರು. ಅಷ್ಟಕ್ಕೆ ನಿಲ್ಲಲಿಲ್ಲ, ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲಿ ಬರೆದು ತೋರಿಸಿದರು, ಆಮೇಲೆ ಜರ್ಮನ್‌ನಲ್ಲಿ. ಮೇಲಿನವರು ಗಾಬರಿಬಿದ್ದರು. ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅಪ್ಪಟ ಅಮೆರಿಕನ್ ಯಂತ್ರಕ್ಕೆ ಪರಭಾಷೆ ಬರೋದುಂಟೇ ಅನ್ನೋದು ಅವರ ಅನುಮಾನ! ಇಂಗ್ಲಿಷ್ ಬಿಟ್ಟು ಬೇರೇನೂ ಇರಲ್ಲ ಅಂತ ಅವರಿಗೆ ಸಮಾಧಾನ ಹೇಳಲು ಹಾಪರ್‌ಗೆ ತಿಂಗಳುಗಳೇ ಹಿಡಿದವು.

ಆದರೆ ಅವರು ತೋರಿಸಿದ್ದ ವಿಷಯ ಸರಳ. ಯಂತ್ರಕ್ಕೆ ಇಂಗ್ಲಿಷೂ ಗೊತ್ತಿಲ್ಲ, ಫ್ರೆಂಚೂ ಗೊತ್ತಿಲ್ಲ. ಕೀವರ್ಡ್ ಅಂದರೆ ಬರೀ ಬಿಟ್‌ಗಳ ಒಂದು ಸಾಲು. ಆ ಸಾಲು ಯಾವುದು ಅಂತ ತೀರ್ಮಾನ ಮಾಡೋದು ನಾವು. ಹಾಗೆ ನೋಡಿದರೆ ಕನ್ನಡದ ಕೀವರ್ಡ್ ಕೂಡ ಕಂಪೈಲರ್‌ಗೆ ಅಷ್ಟೇ ಸಲೀಸು. ಪ್ರೋಗ್ರಾಮಿನ ಅರ್ಥ ಬೇರೆ, ಅದನ್ನು ಬರೆಯುವ ಪದ ಬೇರೆ, ಅದನ್ನು ಓಡಿಸುವ ಯಂತ್ರ ಬೇರೆ. ಈ ಮೂರನ್ನು ಬಿಡಿಸಿ ನೋಡಿದ್ದೇ ಮುಂದಿನದಕ್ಕೆಲ್ಲ ಬುನಾದಿ.

ಗೋರಿಕಲ್ಲು ಬಂದ ಪಾರ್ಸೆಲ್

1959ರ ಹೊತ್ತಿಗೆ ಸಮಸ್ಯೆ ಹಣದ ರೂಪದಲ್ಲಿ ಎದುರು ನಿಂತಿತು. ಅಮೆರಿಕದ ರಕ್ಷಣಾ ಇಲಾಖೆಯ ಬಳಿ 225 ಕಂಪ್ಯೂಟರ್ ಇದ್ದವು, ಇನ್ನೂ 175ಕ್ಕೆ ಆರ್ಡರ್ ಹೋಗಿತ್ತು. ಪ್ರೋಗ್ರಾಂ ಬರೆಸಲು 20 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಗಿತ್ತು. ಯಂತ್ರ ಬದಲಾಯಿಸಿದರೆ ಪ್ರೋಗ್ರಾಂ ಮತ್ತೆ ಮೊದಲಿಂದ. ಒಮ್ಮೆ ಒಂದು ಕಂಪನಿಯ ಯಂತ್ರ ಕೊಂಡರೆ ಆಮೇಲೆ ಅದೇ ಕಂಪನಿಯ ಬಾಗಿಲಲ್ಲೇ ನಿಲ್ಲಬೇಕು. ಅದನ್ನು ಇವತ್ತು ವೆಂಡರ್ ಲಾಕ್-ಇನ್ ಅಂತೀವಿ.

ಬರೋಸ್ ಕಂಪನಿಯ ಮೇರಿ ಹಾಸ್ ಎಲ್ಲರಿಗೂ ಸೇರಿದ ಒಂದು ಭಾಷೆ ಬೇಕು ಅಂತ ಮೊದಲು ಎತ್ತಿದರು. ಏಪ್ರಿಲ್‌ನಲ್ಲಿ ಒಂದು ಚಿಕ್ಕ ಸಭೆ, ಮೇ 28 ಮತ್ತು 29ರಂದು ಪೆಂಟಗನ್‌ನಲ್ಲಿ ದೊಡ್ಡ ಸಭೆ. ಪರಸ್ಪರ ಪೈಪೋಟಿಯಲ್ಲಿದ್ದ ಕಂಪನಿಗಳೆಲ್ಲ ಒಂದೇ ಮೇಜಿನ ಸುತ್ತ ಕೂತರು. ಹಾಪರ್ ಸಲಹೆಗಾರರಾಗಿದ್ದರು, ಭಾಷೆಯ ವಿವರ ಬರೆದವರು ಜೀನ್ ಸ್ಯಾಮೆಟ್ ಮತ್ತು ಇತರರ ಒಂದು ಸಣ್ಣ ತಂಡ. ಹಾಗಾಗಿ ಕೋಬಾಲನ್ನು ಹಾಪರ್ ಒಬ್ಬರೇ ಮಾಡಿದರು ಅನ್ನೋದು ತಪ್ಪು. ಆದರೆ ಆ ತಂಡದ ಮುಂದೆ ಕೆಲಸ ಮಾಡಿ ತೋರಿಸಿದ್ದ ಮಾದರಿಗಳಲ್ಲಿ ಎದ್ದು ಕಂಡದ್ದು ಫ್ಲೋ-ಮ್ಯಾಟಿಕ್. ಕೋಬಾಲ್‌ನ ಮೈತುಂಬ ಅದರ ಗುರುತು ಇದೆ.

ಸಮಿತಿ ಅಂದಮೇಲೆ ಜಗಳ ಇರಲೇಬೇಕಲ್ಲ. ಕೆಲಸ ನಿಧಾನವಾಗುತ್ತಿದೆ ಅಂತ ಬೇಸತ್ತ ಆರ್‌ಸಿಎಯ ಹೊವರ್ಡ್ ಬ್ರೊಂಬರ್ಗ್ ಒಂದು ಗೋರಿಕಲ್ಲು ಕೊಂಡು, ಅದರ ಮೇಲೆ ಕೋಬಾಲ್ ಅಂತ ಕೆತ್ತಿಸಿ, ಪೆಂಟಗನ್‌ನಲ್ಲಿದ್ದ ಮುಖ್ಯಸ್ಥರಿಗೆ ಪಾರ್ಸೆಲ್ ಕಳಿಸಿಬಿಟ್ಟರು! ಮುಂದೆ ಕೋಬಾಲ್ ಪ್ರೋಗ್ರಾಂ ಮೊದಲು ಓಡಿದ್ದು ಆರ್‌ಸಿಎ ಯಂತ್ರದ ಮೇಲೇ, 1960ರ ಆಗಸ್ಟ್‌ನಲ್ಲಿ. ತಾತ್ಕಾಲಿಕ ವ್ಯವಸ್ಥೆ ಅಂತ ಶುರುಮಾಡಿದ ಆ ಭಾಷೆ ಇವತ್ತಿಗೂ ಬ್ಯಾಂಕುಗಳ ಒಳಗೆ ಓಡುತ್ತಿದೆ.

ನಾಲ್ಕು ಭಾಗ, ಅದರಲ್ಲಿ ಎರಡನೆಯದು

ಕೋಬಾಲ್ ಪ್ರೋಗ್ರಾಮಿನಲ್ಲಿ ನಾಲ್ಕು ವಿಭಾಗ: ಐಡೆಂಟಿಫಿಕೇಶನ್, ಎನ್ವಿರಾನ್‌ಮೆಂಟ್, ಡೇಟಾ, ಪ್ರೊಸೀಜರ್. ಎರಡನೆಯದರ ಮೇಲೆ ಕಣ್ಣಿಡಿ. ಯಂತ್ರಕ್ಕೆ ಅಂಟಿಕೊಂಡ ವಿಷಯವನ್ನು ಸಾಧ್ಯವಾದಷ್ಟೂ ಅಲ್ಲೇ ಬರೆಯಬೇಕು. ಯಾವ ಫೈಲ್ ಯಾವ ಸಾಧನದಲ್ಲಿದೆ ಅನ್ನೋದೂ ಅಲ್ಲೇ. ಅದರೊಳಗೆ ಎರಡು ಸಾಲು ಬೇರೆ ಬೇರೆ ಇದ್ದವು: ಸೋರ್ಸ್ ಕಂಪ್ಯೂಟರ್, ಅಂದರೆ ಕಂಪೈಲ್ ಮಾಡುವ ಯಂತ್ರ. ಆಬ್ಜೆಕ್ಟ್ ಕಂಪ್ಯೂಟರ್, ಅಂದರೆ ಓಡಿಸುವ ಯಂತ್ರ. ಕಟ್ಟುವ ಜಾಗವೂ ಓಡುವ ಜಾಗವೂ ಒಂದೇ ಆಗಿರಬೇಕಿಲ್ಲ ಅಂತ ಭಾಷೆಯೇ ಒಪ್ಪಿಕೊಂಡಿತ್ತು. ಡಾಕರ್‌ನ ಬಿಲ್ಡ್‌ಎಕ್ಸ್ ಬಳಸಿದವರು ಇಲ್ಲಿ ನಗಬಹುದು. ಅದರ ಬಿಲ್ಡ್ ಪ್ಲಾಟ್‌ಫಾರ್ಮ್ ಮತ್ತು ಟಾರ್ಗೆಟ್ ಪ್ಲಾಟ್‌ಫಾರ್ಮ್ ಅನ್ನುವ ಜೋಡಿ ಇದೇ ತಾನೆ!

ಈಗ ಕಂಟೇನರ್ ಒಳಗೆ ಒಮ್ಮೆ ಇಣುಕೋಣ. ಕಂಟೇನರ್ ಅಂದರೆ ಹಾಸ್ಟೆಲ್ ರೂಮ್ ಇದ್ದಂತೆ. ಬಾಗಿಲು ನಮ್ಮದು, ಬೀಗ ನಮ್ಮದು, ಸಾಮಾನು ನಮ್ಮದು. ಮೆಸ್ ಮಾತ್ರ ಎಲ್ಲರಿಗೂ ಒಂದೇ. ಆ ಮೆಸ್ಸೇ ಕರ್ನೆಲ್. ವರ್ಚುವಲ್ ಮೆಷೀನ್ ಹಾಗಲ್ಲ, ಅದು ಸ್ವಂತ ಅಡುಗೆಮನೆ ಇರುವ ಬೇರೆ ಮನೆ. ಆದ್ದರಿಂದ ಲಿನಕ್ಸ್ ಕಂಟೇನರ್‌ಗೆ ಲಿನಕ್ಸ್ ಕರ್ನೆಲ್ಲೇ ಬೇಕು. ವಿಂಡೋಸ್ ಮೇಲೋ ಮ್ಯಾಕ್ ಮೇಲೋ ಅದು ಓಡುತ್ತಿದೆ ಅಂದರೆ ಹಿಂದೆ ಎಲ್ಲೋ ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಮೆಷೀನ್ ಕದ್ದು ಕೂತಿದೆ ಅಂತಲೇ ಅರ್ಥ.

ಇದು ಆಪರೇಟಿಂಗ್ ಸಿಸ್ಟಂ ಮಾತಾಯಿತು. ಪ್ರೊಸೆಸರ್ ಬೇರೆಯಾದರೆ ಎರಡು ದಾರಿ. ಮೊದಲನೆಯದು ದುಭಾಷಿ. ಕ್ಯೂಇಎಂಯು ಅನ್ನುವ ಎಮ್ಯುಲೇಟರ್ ಒಂದು ಪ್ರೊಸೆಸರ್‌ನ ಆದೇಶಗಳನ್ನು ಓಡುವಾಗಲೇ ಇನ್ನೊಂದರ ಆದೇಶಗಳಿಗೆ ತಿರುಗಿಸುತ್ತೆ. ಕೆಲಸ ನಡೆಯುತ್ತೆ, ಆದರೆ ದುಭಾಷಿ ಇಟ್ಟುಕೊಂಡ ಮಾತುಕತೆಯ ಹಾಗೆ ನಿಧಾನ. ಎರಡನೆಯದು, ಪ್ರತಿ ಪ್ರೊಸೆಸರ್‌ಗೂ ಬೇರೆ ಬೇರೆಯಾಗಿ ಕಟ್ಟಿ, ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ಪಟ್ಟಿಮಾಡಿ ಇಡೋದು. ಆ ಪಟ್ಟಿಗೆ ಮ್ಯಾನಿಫೆಸ್ಟ್ ಲಿಸ್ಟ್ ಅಂತ ಹೆಸರು. ನಾವು ಇಮೇಜ್ ಎಳೆದುಕೊಂಡಾಗ ನಮ್ಮ ಯಂತ್ರ ಆ ಪಟ್ಟಿ ನೋಡಿ ತನಗೆ ಹೊಂದುವುದನ್ನು ಆರಿಸಿಕೊಳ್ಳುತ್ತೆ. ಹೊರಗೆ ಒಂದೇ ಹೆಸರು, ಒಳಗೆ ಹಲವು ಬೈನರಿ. ಹಾಪರ್ ಕಾಲದಲ್ಲೂ ನಡೆದದ್ದು ಇಷ್ಟೇ. ಎರಡೂ ಕಂಪನಿ ತಮ್ಮ ತಮ್ಮ ಕಂಪೈಲರ್ ಬರೆದವು, ಒಂದೇ ಕೋಬಾಲ್‌ನಿಂದ ಎರಡು ಬೇರೆ ಯಂತ್ರಭಾಷೆ ಹೊರಬಂತು. ಯಂತ್ರಗಳ ವ್ಯತ್ಯಾಸ ಅಳಿದುಹೋಗಲಿಲ್ಲ. ಅದನ್ನು ಯಾರು, ಎಲ್ಲಿ ಹೊರಬೇಕು ಅನ್ನೋದು ಮಾತ್ರ ತೀರ್ಮಾನವಾಯಿತು.

ನಿವೃತ್ತಿ ಕೊಟ್ಟು ಮತ್ತೆ ಕರೆದರು

ಮುಂದಿನ ಭಾಗದ ಬಗ್ಗೆ ಜನ ಕಡಿಮೆ ಮಾತಾಡ್ತಾರೆ, ನಮಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಅದೇ. 1966ರ ಕೊನೆಗೆ 60 ವರ್ಷದ ಹಾಪರ್ ಅವರನ್ನು ನೌಕಾಪಡೆ ಕಮಾಂಡರ್ ದರ್ಜೆಯಲ್ಲಿ ನಿವೃತ್ತಿಗೊಳಿಸಿತು. ಏಳೆಂಟು ತಿಂಗಳಲ್ಲೇ, 1967ರ ಆಗಸ್ಟ್‌ನಲ್ಲಿ, ಆರು ತಿಂಗಳ ಮಟ್ಟಿಗೆ ಬನ್ನಿ ಅಂತ ವಾಪಸ್ ಕರೆಯಿತು. ಆ ಆರು ತಿಂಗಳು 19 ವರ್ಷಕ್ಕೆ ಎಳೆಯಿತು.

ಯಾಕೆ ಕರೆದರು? ಕೋಬಾಲ್ ಬಂದಿತ್ತು, ಆದರೆ ಎಲ್ಲರ ಮನೆ ದೋಸೆಯೂ ತೂತೇ. ಒಂದೊಂದು ಕಂಪನಿ ತನ್ನದೇ ಒಗ್ಗರಣೆ ಸೇರಿಸಿತ್ತು. ಹೆಸರಿಗೆ ಎಲ್ಲ ಕೋಬಾಲ್, ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಎಡವುತ್ತಿತ್ತು. 1968ರಲ್ಲಿ ಅಧಿಕೃತ ಮಾನದಂಡವೂ ಬಂತು. ಆದರೆ ಕಾಗದದ ಮೇಲಿನ ಮಾನದಂಡಕ್ಕೆ ಹಲ್ಲಿಲ್ಲ. ಹಾಪರ್ ಅವರ ತಂಡ ಹಲ್ಲು ಕೊಟ್ಟಿತು. ಕಂಪೈಲರುಗಳನ್ನು ಪರೀಕ್ಷೆ ಮಾಡುವ ಪ್ರೋಗ್ರಾಮುಗಳನ್ನೇ ಬರೆದರು. ಕೋಬಾಲ್‌ನ ಒಂದೊಂದು ನಿಯಮಕ್ಕೂ ಒಂದೊಂದು ಪರೀಕ್ಷೆ, ಬರಬೇಕಾದ ಉತ್ತರ ಮೊದಲೇ ಗೊತ್ತು. ಕಂಪನಿ ತನ್ನ ಕಂಪೈಲರ್ ಸರಿಯಿದೆ ಅಂದರೆ ಸಾಲದು, ಪರೀಕ್ಷೆ ಪಾಸಾಗಬೇಕು. ಮುಂದೆ ಸರ್ಕಾರ ಕಂಪ್ಯೂಟರ್ ಕೊಳ್ಳುವಾಗ ಈ ಥರದ ಪರೀಕ್ಷೆಗೇ ಬೆಲೆ ಬಂತು.

ಇದೇ ನಮಗೆ ಮುಖ್ಯ ಅನ್ನಿಸಿದ ಮಾತು. ಎಲ್ಲ ಕಡೆ ಓಡುತ್ತೆ ಅನ್ನೋದು ಯಾವುದೋ ಟೂಲ್ ಕೊಡುವ ವರ ಅಲ್ಲ, ಜನ ಕೂತು ಮಾಡಿಕೊಂಡ ಒಪ್ಪಂದ. ಒಪ್ಪಂದ ಉಳಿಯಬೇಕಾದರೆ ಪ್ರತಿ ಯಂತ್ರದಲ್ಲೂ ಪರೀಕ್ಷೆ ಮಾಡಲೇಬೇಕು. ಡಾಕರ್ 2013ರಲ್ಲಿ ಬಂತು, ಇಮೇಜ್ ಹೇಗಿರಬೇಕು ಅಂತ ಎಲ್ಲ ಕಂಪನಿಗಳೂ ಸೇರಿ ತೀರ್ಮಾನಿಸಲು 2015ರಲ್ಲಿ ಓಪನ್ ಕಂಟೇನರ್ ಇನಿಷಿಯೇಟಿವ್ ಹುಟ್ಟಿತು. 1959ರ ಪೆಂಟಗನ್ ಸಭೆಯ ಅದೇ ಕಥೆ, ಹೊಸ ಮೇಜು, ಹೊಸ ಕುರ್ಚಿ.

ಅದೇ ವರ್ಷಗಳಲ್ಲಿ ಹಾಪರ್ ಇನ್ನೊಂದು ವಾದವನ್ನೂ ಹಿಡಿದಿದ್ದರು. ದೊಡ್ಡ ಕಂಪ್ಯೂಟರ್ ಸಾಲದಿದ್ದರೆ ಅದಕ್ಕಿಂತ ದೊಡ್ಡದನ್ನು ಕೊಳ್ಳೋದಲ್ಲ, ಚಿಕ್ಕವನ್ನು ಜೋಡಿಸಿ ಜಾಲ ಮಾಡಬೇಕು ಅಂತ. ಅದಕ್ಕೆ ಎತ್ತಿನ ಉದಾಹರಣೆ ಕೊಡುತ್ತಿದ್ದರು. ಮರದ ದಿಮ್ಮಿ ಒಂದು ಎತ್ತಿಗೆ ಜಗ್ಗದಿದ್ದರೆ ಯಾರೂ ದೊಡ್ಡ ಎತ್ತು ಬೆಳೆಸಲು ಹೋಗಲ್ಲ, ಇನ್ನೊಂದು ಎತ್ತು ಕಟ್ಟುತ್ತಾರೆ ಅಂತ. ಜೋಡೆತ್ತಿನ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಲಸ್ಟರ್ ಮೇಲೆ ಕಂಟೇನರ್ ಓಡಿಸೋದು ಕೊನೆಗೂ ಎತ್ತು ಕಟ್ಟುವ ಕೆಲಸವೇ.

ಕಾಲೇಜುಗಳಿಗೆ ಭಾಷಣಕ್ಕೆ ಹೋದಾಗ ಒಂದು ಅಡಿಗಿಂತ ತುಸು ಚಿಕ್ಕದಾದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಹೋಗುವ ದೂರ ಅದು, ಸುಮಾರು 30 ಸೆಂಟಿಮೀಟರ್. ಸಮಯ ಹಾಳು ಮಾಡಿದರೆ ಎಷ್ಟು ತಂತಿ ಎಸೆದಂತಾಯಿತು ಅಂತ ಕಣ್ಣಿಗೆ ಕಾಣಲಿ ಅಂತ. ಕಚೇರಿಯ ಗೋಡೆಯಲ್ಲಿ ಹಿಂದಕ್ಕೆ ತಿರುಗುವ ಗಡಿಯಾರ ಇತ್ತು. ಯಾವಾಗಲೂ ಹೀಗೇ ಮಾಡಿಕೊಂಡು ಬಂದಿದ್ದೀವಿ ಅನ್ನುವ ಮಾತು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕೊಮೊಡೋರ್, 1985ರಲ್ಲಿ ಆ ದರ್ಜೆಯ ಹೆಸರೇ ಬದಲಾಗಿ ರಿಯರ್ ಅಡ್ಮಿರಲ್. 1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ಬಾಸ್ಟನ್‌ನಲ್ಲಿ ಲಂಗರು ಹಾಕಿದ್ದ ಹಳೆಯ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಮೇಲೆ ಅವರಿಗೆ ಬೀಳ್ಕೊಡುಗೆ. ಆಮೇಲೂ ಮನೆಯಲ್ಲಿ ಕೂರಲಿಲ್ಲ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಸೇರಿದರು. 1992ರ ಜನವರಿ 1ರಂದು ತೀರಿಕೊಂಡರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಡನೆ ಮಣ್ಣು ಮಾಡಿದರು. ಅವರ ಹೆಸರಿನ ಯುದ್ಧನೌಕೆ ಈಗ ಕಡಲಲ್ಲಿದೆ.

ಎನ್‌ವಿಡಿಯಾದ ಎರಡು ಚಿಪ್‌ಗಳಿಗೂ ಅವರದೇ ಹೆಸರು. ಜಿಪಿಯು ಹಾಪರ್, ಸಿಪಿಯು ಗ್ರೇಸ್. ಆ ಗ್ರೇಸ್ ಇದೆಯಲ್ಲ, ಅದು ಆರ್ಮ್ ಪ್ರೊಸೆಸರ್. ಎಕ್ಸ್86ಗೆ ಮಾತ್ರ ಕಟ್ಟಿದ ಕಂಟೇನರನ್ನು ಗ್ರೇಸ್ ಮೇಲೆ ಹಾಕಿದರೆ ಮತ್ತೆ ಅದೇ ಎಕ್ಸೆಕ್ ಫಾರ್ಮ್ಯಾಟ್ ಎರರ್! ಜೀವನಪೂರ್ತಿ ಆ ಗೋಡೆಯ ಜೊತೆ ಗುದ್ದಾಡಿದವರ ಹೆಸರಿನ ಚಿಪ್ಪೇ ನಮಗೆ ಆ ಗೋಡೆ ತೋರಿಸುತ್ತೆ. ಅವರಿಗೆ ಇದರಿಂದ ಬೇಜಾರಾಗುತ್ತಿರಲಿಲ್ಲ ಅಂತ ನಮ್ಮ ಊಹೆ. ಗೋಡೆ ಇದ್ದೇ ಇರುತ್ತೆ, ಬಾಗಿಲು ಮಾಡುವ ಕೆಲಸ ಪ್ರತಿ ತಲೆಮಾರಿಗೂ ಬರುತ್ತೆ.

ಹಾಗಾಗಿ ಈ ಸೆಮ್‌ನ ಪ್ರಾಜೆಕ್ಟಿಗೆ ಇಮೇಜ್ ಕಟ್ಟುವವರಲ್ಲಿ ಒಂದು ಕೋರಿಕೆ. ಆರ್ಮ್‌ಗೊಂದು, ಎಕ್ಸ್86ಗೊಂದು, ಎರಡೂ ಕಟ್ಟಿ. ಎರಡೂ ಬಗೆಯ ಯಂತ್ರದ ಮೇಲೆ ಟೆಸ್ಟ್ ಓಡಿಸಿ. ಎಲ್ಲ ಕಡೆ ಓಡುತ್ತೆ ಅಂತ ರೀಡ್‌ಮೀಯಲ್ಲಿ ಬರೆಯೋದು ಅದಾದ ಮೇಲೆ.